ಧಾರೆಗೆ ಇನ್ನು 40 ದಿನ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಿನ್ನೆ ನೀನು ಫೋನ್ ಮಾಡಿದಾಗ ಪಾರ್ಲರಿನಲ್ಲಿ ಇಬ್ಬರು ಕಾಯುತ್ತಿದ್ದರು, ಸರಿಯಾಗಿ ಮಾತಾಡಲು ಆಗಲಿಲ್ಲ. ಬೆಂಗಳೂರಿನ ಚರ್ಮದ ಕ್ಲಿನಿಕ್ಕಿನವರು ಮದುಮಗಳ ಪ್ಯಾಕೇಜ್ ಅಂತ ಆರು ಸಿಟ್ಟಿಂಗ್ ಹೇಳಿದ್ದಾರೆ, ಮಾಡಿಸಲಾ ಅಂತ ಕೇಳಿದೆ. ಬೇಡ ಕಂದ. ಕೊನೆಯದು ಮದುವೆಗೆ ನಾಲ್ಕೇ ದಿನ ಮುಂಚೆ ಅಂದೆಯಲ್ಲ, ಅದನ್ನು ಕೇಳಿದ ಮೇಲೆ ನನಗೆ ನಿದ್ದೆಯೇ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮದುವೆ ಆಲ್ಬಮ್ ನೋಡಿದಾಗಲೆಲ್ಲ ಅಮ್ಮ, ನಿನ್ನ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಯಾಕೆ ಅಂತ ಕೇಳುತ್ತಿದ್ದೆ. ನಾನು ಮಾತು ಮರೆಸುತ್ತಿದ್ದೆ. ಇವತ್ತು ಹೇಳುತ್ತೇನೆ. 1995. ಮದುವೆಯ ಹಿಂದಿನ ದಿನ ನನ್ನನ್ನು ಒಂದು ಪಾರ್ಲರಿಗೆ ಕರೆದುಕೊಂಡು ಹೋಗಿ ಬ್ಲೀಚ್ ಮಾಡಿಸಿದರು. ಹಚ್ಚಿದ ತಕ್ಷಣ ಉರಿ. ಉರಿದರೇನೇ ಬೆಳ್ಳಗಾಗುವುದು, ತಡೆದುಕೋ ಅಂದರು. ತಡೆದುಕೊಂಡೆ. ಸಂಜೆಗೆ ಕೆನ್ನೆ ಕೆಂಡದ ಹಾಗೆ ಆಗಿತ್ತು, ಬೆಳಗ್ಗೆ ಹೊತ್ತಿಗೆ ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ಅದನ್ನು ಮುಚ್ಚಲು ದಪ್ಪಗೆ ಪ್ಯಾನ್‌ಕೇಕ್ ಮೇಕಪ್ ಮೆತ್ತಿದರು. ಮೆತ್ತಿದಷ್ಟೂ ಸಿಪ್ಪೆ ಎದ್ದು ಕಂಡಿತು. ಹೋಮದ ಹೊಗೆಗೆ ಕೆನ್ನೆ ಇನ್ನಷ್ಟು ಉರಿದು, ಕಣ್ಣಲ್ಲಿ ನೀರು ಬಂದು ಕೆನ್ನೆ ಮೇಲೆ ಗೆರೆ ಬಿತ್ತು. ತವರು ಬಿಡುವ ಸಂಕಟಕ್ಕೆ ಅಳುತ್ತಿದ್ದಾಳೆ ಅಂದುಕೊಂಡರು ಎಲ್ಲರೂ. ಉರಿ ತಡೆಯಲಾಗದೆ ಅತ್ತದ್ದು ನಾನು.

ಆಮೇಲೆ ಈ ಕೆಲಸ ಕಲಿತೆ. ತಿಪಟೂರಿನಲ್ಲಿ ಇಷ್ಟು ವರ್ಷ ಎಷ್ಟೋ ಮದುಮಕ್ಕಳನ್ನು ಸಿಂಗರಿಸಿ ಒಂದು ವಿಷಯ ಖಚಿತ ಮಾಡಿಕೊಂಡಿದ್ದೇನೆ. ಮೇಕಪ್ ಕಲೆ ಮುಚ್ಚುತ್ತದೆ, ಕಣ್ಣಿನ ಕೆಳಗಿನ ಕಪ್ಪು ಮುಚ್ಚುತ್ತದೆ, ಒಂದು ಮೊಡವೆಯನ್ನೂ ಮುಚ್ಚುತ್ತದೆ. ನೊಂದ ಚರ್ಮವನ್ನು ಮಾತ್ರ ಮುಚ್ಚುವುದಿಲ್ಲ. ಒಣಗಿದ ಕಡೆ ಫೌಂಡೇಶನ್ ಅಂಟಿಕೊಂಡು ನಿಲ್ಲುತ್ತದೆ, ಜಿಡ್ಡಿನ ಕಡೆ ಜಾರುತ್ತದೆ.

ಚರ್ಮದ ಮೇಲಿನ ಪದರ ಹೊಸದಾಗಲು ಸುಮಾರು 28 ದಿನ ಬೇಕು. ನಿನ್ನ ಹತ್ತಿರ 40 ದಿನ ಇದೆ, ಸಾಕು. ಏನಾದರೂ ಶುರು ಮಾಡುವುದಿದ್ದರೆ ಈ ವಾರವೇ ಮಾಡು. ಕೊನೆಯ ಎರಡು ವಾರ ಹೊಸದೊಂದೂ ಮುಖಕ್ಕೆ ತಾಕಬಾರದು, ಗೆಳತಿ ಕೊಟ್ಟ ಶೀಟ್ ಮಾಸ್ಕ್ ಕೂಡ. ಯಾವುದನ್ನೇ ಆಗಲಿ ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡು. ನಿಂಬೆಹಣ್ಣು ಮುಖಕ್ಕೆ ಉಜ್ಜಬೇಡ, ಅದರ ಹುಳಿಗೆ ಚರ್ಮ ಉರಿದು ಕಪ್ಪು ಕಲೆ ಉಳಿದವರನ್ನು ನೋಡಿದ್ದೇನೆ. ಗಲ್ಲದ ಮೇಲೆ ನಿನಗೆ ತಿಂಗಳು ತಿಂಗಳು ಬರುವ ಮೊಡವೆಗೆ ಈಗಲೇ ಚರ್ಮದ ಡಾಕ್ಟರ ಹತ್ತಿರ ಹೋಗು. ಕೈ ಹಾಕಿ ಚಿವುಟಬೇಡ.

ದಿನಾ ಮಾಡಬೇಕಾದ್ದು ತುಂಬಾ ಇಲ್ಲ. ಎರಡು ಹೊತ್ತು ಮೃದುವಾದ ಫೇಸ್‌ವಾಶ್, ಒದ್ದೆ ಆರುವ ಮುಂಚೆ ಮಾಯಿಶ್ಚರೈಸರ್, ಬೆಳಗ್ಗೆ ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಚುಕ್ಕೆ ಇಟ್ಟುಕೊಂಡರೆ ಸಾಲದು, ಎರಡು ಬೆರಳಿನುದ್ದ ತೆಗೆದುಕೊಂಡು ಕುತ್ತಿಗೆ, ಕಿವಿ ಎಲ್ಲಾ ಹಚ್ಚು. ಬ್ಲೌಸಿನ ಹಿಂಭಾಗ ಅಗಲ ಇಟ್ಟಿದ್ದೀಯ, ಬೆನ್ನನ್ನೂ ಮರೆಯಬೇಡ. ಸ್ಕೂಟರಿನಲ್ಲಿ ಓಡಾಡುವಾಗ ಕೈಗೆ ಬೀಳುವ ಬಿಸಿಲು ಒಂದು ವಾರದಲ್ಲಿ ಹೋಗುವಂಥದ್ದಲ್ಲ. ತುಟಿಗೆ ರಾತ್ರಿ ಒಂದಿಷ್ಟು ತುಪ್ಪ ಸಾಕು. ಆ ರೆಟಿನಾಲ್ ಕ್ರೀಮ್ ಹಚ್ಚುತ್ತೀಯಲ್ಲ, ಅದನ್ನು ವ್ಯಾಕ್ಸಿಗೆ ಹತ್ತು ದಿನ ಮುಂಚೆಯೇ ನಿಲ್ಲಿಸು. ಅದು ಹಚ್ಚಿದ ಚರ್ಮದ ಮೇಲೆ ವ್ಯಾಕ್ಸ್ ಎಳೆದರೆ ಚರ್ಮವೇ ಕಿತ್ತು ಬರುತ್ತದೆ.

ಈಗ ನನಗೆ ಜಾಸ್ತಿ ಕಳವಳ ಇರುವ ವಿಷಯ. ಯಾರೋ ಸಂಬಂಧಿಕರು ನಿನಗೆ ಒಂದು ಚಿಕ್ಕ ಡಬ್ಬಿ ಕ್ರೀಮ್ ಕೊಟ್ಟು, ಹದಿನೈದೇ ದಿನಕ್ಕೆ ಬೆಳ್ಳಗಾಗುತ್ತೀಯ ಅಂದರಂತೆ. ಅದನ್ನು ಕಸಕ್ಕೆ ಹಾಕು. ಇಂಥವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ಹೊಳೆಯುತ್ತದೆ, ಬಿಟ್ಟ ವಾರದಲ್ಲೇ ಕೆಂಪಾಗಿ ಉರಿ, ಮೊಡವೆ ಎಲ್ಲಾ ಶುರು. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳಿಗೆ ಕಟ್ಟುಪಾಡು ತಂದಿದ್ದು ಸುಮ್ನೆ ಅಲ್ಲ. ಇನ್ನು ಕೆಲವು ಫೇರ್‌ನೆಸ್ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಕಡೆ 2023ರಲ್ಲಿ ಅಂಥದ್ದು ಹಚ್ಚಿದವರ ಕಿಡ್ನಿಗೇ ಪೆಟ್ಟು ಬಿದ್ದದ್ದನ್ನು ಡಾಕ್ಟರುಗಳು ಪತ್ತೆ ಮಾಡಿದರು.

ನಿನ್ನದು ಎಣ್ಣೆಗೆಂಪು ಪುಟ್ಟಿ. ನಿಮ್ಮ ಅಜ್ಜಿಯ ಬಣ್ಣ. ಕೆಂಪಂಚಿನ ಅರಿಶಿನ ಬಣ್ಣದ ಸೀರೆಗೆ ಅದರಷ್ಟು ಒಪ್ಪುವ ಬಣ್ಣ ಇನ್ನೊಂದಿಲ್ಲ. ಮೇಕಪ್ ಟ್ರಯಲ್ ದಿನ ಫೌಂಡೇಶನ್ನನ್ನು ಕೈ ಮೇಲೆ ನೋಡಬೇಡ, ದವಡೆಯ ಹತ್ತಿರ ಹಚ್ಚಿಸಿಕೊಂಡು ಹೊರಗೆ ಬಿಸಿಲಿಗೆ ಬಂದು ನೋಡು. ಎಲ್ಲಿ ಹಚ್ಚಿದ್ದಾರೆ ಅಂತ ಗೊತ್ತಾಗಬಾರದು. ಒಂದು ಶೇಡ್ ತಿಳಿ ಬಣ್ಣದ್ದು ಹಾಕೋಣವಾ ಅಂತ ಕೇಳಿದರೆ ಬೇಡ ಅನ್ನು. ಟ್ರಯಲ್ ಆದ ಕೂಡಲೇ ಮುಖ ತೊಳೆಯಬೇಡ, ನಾಲ್ಕೈದು ಗಂಟೆ ಹಾಗೇ ಇರು. ಎಲ್ಲಿ ಜಾರುತ್ತದೆ, ಎಲ್ಲಿ ತುರಿಸುತ್ತದೆ ಅಂತ ಆಗಲೇ ಗೊತ್ತಾಗುವುದು. ವೈಶಾಖದ ಸೆಕೆ ಬೇರೆ.

ಐಬ್ರೋ, ವ್ಯಾಕ್ಸ್ ಎಲ್ಲಾ ಐದು ದಿನ ಮುಂಚೆ ನಾನೇ ಮಾಡುತ್ತೇನೆ. ಅರಿಶಿನ ಶಾಸ್ತ್ರ ಧಾರೆಗೆ ಮೂರು ದಿನ ಮುಂಚೆ, ಬೆಳಗ್ಗೆ. ನಿನ್ನ ಅತ್ತೆಯಂದಿರಿಗೆಲ್ಲ ಆಗಲೇ ಹೇಳಿದ್ದೇನೆ, ಕೈಗೆ ಕಾಲಿಗೆ ಎಷ್ಟಾದರೂ ಹಚ್ಚಿ, ಕೆನ್ನೆಗೆ ಶಾಸ್ತ್ರಕ್ಕೆ ಅಂತ ಒಂದು ಬೊಟ್ಟು ಸಾಕು. ಹೇಳಿದರೂ ಬಳಿಯುತ್ತಾರೆ, ಪ್ರೀತಿ ಅದು. ಆಗ ಸೋಪು ತೆಗೆದುಕೊಂಡು ಉಜ್ಜಲು ಹೋಗಬೇಡ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಆರತಿಗೆ ಕೆಂಪು ನೀರಾಗುತ್ತದೆ ಅಲ್ವಾ, ಸೋಪಿಗೂ ಸ್ವಲ್ಪ ಅದೇ ಗುಣ, ಕೂದಲಂಚಿನಲ್ಲಿ ಕೆಂಪು ಕೂತುಬಿಡುತ್ತದೆ. ಅರಿಶಿನದ ಬಣ್ಣ ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ಮೊದಲು ಕೊಬ್ಬರಿ ಎಣ್ಣೆ ಮೆಲ್ಲಗೆ ತಿಕ್ಕಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕಡಲೆಹಿಟ್ಟು ಹಚ್ಚಿ ತೊಳೆಯಬೇಕು. ಎಣ್ಣೆ ಮುಖದಲ್ಲಿ ಉಳಿಯಬಾರದು, ನಿನಗೆ ಮೊಡವೆ ಬರುತ್ತದೆ. ಕೈಯನ್ನೂ ಚೆನ್ನಾಗಿ ತೊಳೆದುಕೋ, ಜಿಡ್ಡಿದ್ದರೆ ಸಂಜೆ ಮೆಹಂದಿ ಹಿಡಿಯುವುದಿಲ್ಲ. ಬೇಗ ಕಪ್ಪಾಗುತ್ತದೆ ಅಂತ ಮಾರುವ ಕಪ್ಪು ಮೆಹಂದಿ ಮಾತ್ರ ಮುಟ್ಟಬೇಡ, ಅದರಲ್ಲಿ ಕೂದಲಿಗೆ ಹಾಕುವ ಡೈ ಇರುತ್ತದೆ, ಕೈ ತುಂಬ ಬೊಬ್ಬೆ ಏಳಬಹುದು.

ಇಷ್ಟೆಲ್ಲ ಮಾಡಿ ಹುಡುಗಿಯರು ಸೋಲುವುದು ಒಂದು ರಾತ್ರಿಯಲ್ಲಿ. ಆರತಕ್ಷತೆಯ ರಾತ್ರಿ. ನಮ್ಮ ಕಡೆ ಹಿಂದಿನ ಸಂಜೆಯೇ ಆರತಕ್ಷತೆ, ಬೆಳಗಾದರೆ ಧಾರೆ. ಸಂಜೆ ಏಳಕ್ಕೆ ವೇದಿಕೆ ಹತ್ತಿದವರು ಫೋಟೋ, ಊಟ ಎಲ್ಲಾ ಮುಗಿಸಿ ರೂಮಿಗೆ ಬರುವಾಗ 11 ದಾಟಿರುತ್ತದೆ. ಬೆಳಗ್ಗೆ ನಾಲ್ಕಕ್ಕೆ ಮೇಕಪ್ಪಿನವರು ಬಾಗಿಲು ತಟ್ಟುತ್ತಾರೆ. ಸುಸ್ತಾಗಿ ಹಾಗೇ ಮಲಗಿಬಿಡುತ್ತಾರೆ, ಇಲ್ಲವೇ ವೈಪ್ಸ್‌ನಲ್ಲಿ ಗಸಗಸ ಒರೆಸುತ್ತಾರೆ. ಎರಡಕ್ಕೂ ಧಾರೆಯ ಹೊತ್ತಿಗೆ ಕಣ್ಣು ಊದಿ, ಕೆನ್ನೆ ಕೆಂಪಾಗಿ, ಎರಡನೇ ಮೇಕಪ್ ಕೂರುವುದೇ ಇಲ್ಲ. ಛತ್ರದ ಬೋರ್‌ವೆಲ್ ನೀರೂ ಗಡಸು, ನೊರೆಯೇ ಬರುವುದಿಲ್ಲ, ಮುಖ ಬಿಗಿದುಕೊಳ್ಳುತ್ತದೆ.

ಅದಕ್ಕೇ ನಾನು ತೀರ್ಮಾನ ಮಾಡಿದ್ದೇನೆ. ನಿನ್ನ ಮೇಕಪ್ ನಾನು ಮಾಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಅವತ್ತು ನಿನ್ನ ಅಪ್ಪನ ಪಕ್ಕ ನಿಂತು ಧಾರೆ ಎರೆಯಬೇಕು, ನಿನ್ನ ಕಣ್ಣಿಗೆ ಕಾಡಿಗೆ ಎಳೆಯುವಷ್ಟು ಗಟ್ಟಿ ಕೈ ನನಗೆ ಅವತ್ತು ಇರುವುದಿಲ್ಲ. ಆದರೆ ಆ ರಾತ್ರಿ ನಾನೇ ಬರುತ್ತೇನೆ. ಯಾರು ಕರೆದರೂ ರೂಮಿನ ಬಾಗಿಲು ತೆಗೆಯುವುದಿಲ್ಲ. ಮೇಕಪ್ ಕರಗಿಸುವ ಕ್ಲೆನ್ಸಿಂಗ್ ಬಾಮ್, ನಿನ್ನದೇ ಫೇಸ್‌ವಾಶ್, ಅಪ್ಪನ ಹಳೆಯ ಹತ್ತಿ ಪಂಚೆಯ ತುಂಡುಗಳು, ಕೊನೆಯಲ್ಲಿ ತೊಳೆಯಲು ಎರಡು ಕ್ಯಾನ್ ಕುಡಿಯುವ ನೀರು, ಎಲ್ಲಾ ಒಂದು ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ನೀನು ಕಣ್ಣು ಮುಚ್ಚಿ ಕೂತರೆ ಸಾಕು. 12ಕ್ಕೆ ನೀನು ಮಲಗಿರಬೇಕು.

ನಾಳೆ ಆ ಕ್ಲಿನಿಕ್ಕಿಗೆ ಫೋನ್ ಮಾಡಿ ಬೇಡ ಅನ್ನು. ಅಡ್ವಾನ್ಸ್ ಕೊಟ್ಟಿದ್ದರೆ ಹೋಗಲಿ ಬಿಡು. ಆ ಡಬ್ಬಿ ಬಿಸಾಡಿದ ಮೇಲೆ ಒಂದು ಮೆಸೇಜ್ ಹಾಕು, ಕಾಯುತ್ತಿರುತ್ತೇನೆ.

ನಿನ್ನ ಅಮ್ಮ