ಕೆಲಸ ನಿಂತಾಗ ಕೈಬಿಡದವರಿಗೆ

ಬರೆಯುತ್ತಿದ್ದ ಅಂಕಣ ನಿಂತಿತು. ಬರಬೇಕಿದ್ದ ಸಂಭಾವನೆ ತಿಂಗಳುಗಟ್ಟಲೆ ಬಾಕಿ ಉಳಿಯಿತು. ಬರವಣಿಗೆಯನ್ನೇ ನಂಬಿ ಬದುಕುವುದು ಇನ್ನು ಆಗದ ಮಾತು ಅನ್ನಿಸಿದ ಆ ಕಾಲ ಈಗ ದಾಟಿದೆ, ಮತ್ತೆ ಕೈತುಂಬ ಕೆಲಸವಿದೆ. ನಾನು ಬರೆಯುವ ಸೌಂದರ್ಯ, ಉಡುಪು, ಆರೋಗ್ಯ, ಸಂಸ್ಕೃತಿ ಎಂದರೆ ಪುಟ ತುಂಬಿಸುವ ವಿಷಯಗಳು ಎನ್ನುವವರಿದ್ದಾರೆ. ಹಾಗೆ ಭಾವಿಸದೆ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬಂದವರಿಂದಲೇ ನಾನು ಈ ವೃತ್ತಿಯಲ್ಲಿ ಉಳಿದೆ. ಅವರಿಗೆ ಎಲ್ಲರೆದುರು ವಂದನೆ ಹೇಳಬೇಕು.

ಮೊದಲು ಚರ್ಮವೈದ್ಯರಾದ ನಿಮಗೆ, ಮೇಡಂ. ರೋಗಿಗಳೆಲ್ಲ ಹೋದ ಮೇಲೆ, ನಿಮಗೂ ದಣಿವಾಗಿದ್ದ ಹೊತ್ತಿನಲ್ಲಿ ಫೋನಿಗೆ ಸಿಗುತ್ತಿದ್ದಿರಿ. ಸನ್‌ಸ್ಕ್ರೀನ್ ಬಗ್ಗೆ ಎರಡು ಮಾತು ಕೇಳಿದರೆ ಪೂರ್ತಿ ಪಾಠವನ್ನೇ ಮಾಡಿದಿರಿ. ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ಸಿಗುವ ರಕ್ಷಣೆಯ ಅಂಕಿ, 30 ಇರುವುದು ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆದರೆ, 50 ಇರುವುದು ತಡೆಯುವುದು ಶೇ 98ರಷ್ಟನ್ನು. ದುಬಾರಿ ಟ್ಯೂಬಿನ ಮೇಲಿನ ದೊಡ್ಡ ಅಂಕಿಗಿಂತ ಹಚ್ಚುವ ಪ್ರಮಾಣವೇ ಮುಖ್ಯ ಎಂದಿರಿ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ, ಮನೆಯಲ್ಲಿ ನಾವು ಹಚ್ಚಿಕೊಳ್ಳುವುದು ಅದಕ್ಕಿಂತ ಬಹಳ ಕಡಿಮೆ. ಅಂದಿನಿಂದ ಯಾವ ಉತ್ಪನ್ನದ ಬಗ್ಗೆ ಬರೆಯುವಾಗಲೂ ನಾನು ಮೊದಲು ಕೇಳುವುದು, ಇದನ್ನು ಹೇಗೆ ಪರೀಕ್ಷಿಸಿದರು ಎಂದು.

ಬಟ್ಟೆಗೆ ನೀಲಿ (ಇಂಡಿಗೊ) ಬಣ್ಣ ಹಾಕುವ ಅಣ್ಣನಿಗೆ ಹೇಗೆ ಧನ್ಯವಾದ ಹೇಳಲಿ? ಕೆಲಸ ನಿಲ್ಲಿಸಿ, ತೊಟ್ಟಿಯ ಪಕ್ಕ ನಿಲ್ಲಿಸಿಕೊಂಡು ತೋರಿಸಿದಿರಿ. ಮೇಲೆತ್ತಿದ ಬಟ್ಟೆ ಹಳದಿ ಬೆರೆತ ಹಸಿರು. ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಗೆ ತಿರುಗಿತು. ನೀಲಿ ಹಾಗೇ ನೀರಿನಲ್ಲಿ ಕರಗುವುದಿಲ್ಲ, ಆಮ್ಲಜನಕವಿಲ್ಲದಂತೆ ಹದ ಮಾಡಿದ ತೊಟ್ಟಿಯಲ್ಲಿ ಮಾತ್ರ ಕರಗಿ ನೂಲಿಗೆ ಹತ್ತುತ್ತದೆ, ಗಟ್ಟಿ ಬಣ್ಣ ಬೇಕಾದರೆ ಮತ್ತೆ ಮತ್ತೆ ಅದ್ದಬೇಕು ಎಂದು ವಿವರಿಸಿದಿರಿ. ಉಗುರಿನ ಸಂದಿಯಲ್ಲಿ ಬಣ್ಣ ಉಳಿದ ನಿಮ್ಮ ಕೈಗಳನ್ನು ನೋಡಿದ ಮೇಲೆ, ಉಡುಪಿನ ಬಗ್ಗೆ ಬರೆಯುವಾಗ ತೊಟ್ಟವರ ಹೆಸರಷ್ಟೇ ಹಾಕಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ.

ಪ್ರತಿ ಕರಡಿನ ಅಂಚಿನಲ್ಲೂ ‘ಇದಕ್ಕೆ ಆಧಾರ?’ ಎಂದು ಬರೆದು ಕಳಿಸುತ್ತಿದ್ದ ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಜಾಗವಿಲ್ಲದಿದ್ದಾಗಲೂ ಬೇರೆಯವರಿಗೆ ನನ್ನ ಹೆಸರು ಹೇಳಿದಿರಿ. ಆ ಉಪಕಾರ ದೊಡ್ಡದು.

ಓದುಗರೊಬ್ಬರು ಪತ್ರ ಬರೆದಿದ್ದರು. ಗರ್ಭಿಣಿಯರು ರೆಟಿನಾಯ್ಡ್ (ಎ ಜೀವಸತ್ವದ ಬಗೆಯ) ಕ್ರೀಮುಗಳಿಂದ ದೂರವಿರಬೇಕು ಎಂಬ ನನ್ನ ಲೇಖನ ಓದಿ, ತಾವು ಹಚ್ಚುತ್ತಿದ್ದುದನ್ನು ನಿಲ್ಲಿಸಿ ವೈದ್ಯರನ್ನು ಕಂಡರಂತೆ. ಕೆಲಸವಿಲ್ಲದ ದಿನಗಳಲ್ಲಿ ಆ ಪತ್ರವನ್ನು ಎಷ್ಟೋ ಸಲ ತೆಗೆದು ಓದಿದ್ದೇನೆ. ಅಮ್ಮಾ, ನೀವು ಬರೆದಿರದಿದ್ದರೆ ನಾನು ಬೇರೆ ಉದ್ಯೋಗ ಹುಡುಕಿಕೊಂಡಿರುತ್ತಿದ್ದೆ.

ಬಾಡಿಗೆಗೆ ಹಣ ಕೊಟ್ಟು, ಇವತ್ತಿಗೂ ಅದರ ಮಾತೆತ್ತದ ಗೆಳತಿಯರೇ, ನಿಮ್ಮ ಹಣ ಈ ತಿಂಗಳಿಂದ ವಾಪಸ್ ಬರಲಿದೆ. ಬೇಡ ಅನ್ನಬೇಡಿ. ಅಣ್ಣಾ, ಮುಂದಿನ ಲೇಖನ ಮಂಜಿಷ್ಠದ ಬೇರಿನಿಂದ ಬರುವ ಕೆಂಪು ಬಣ್ಣದ ಬಗ್ಗೆ. ಕೇಳಬೇಕಾದ್ದು ಬಹಳ ಇದೆ, ಫೋನ್ ಮಾಡುತ್ತೇನೆ.