ಎಲೆಕ್ಷನ್‌ಗೆ ನಿಲ್ಲುವ ವಿಚಾರವಾಗಿ ಅತ್ತಿಗೆಗೆ

ಪೋರ್ಟ್‌ಲ್ಯಾಂಡ್, ಮೇಯ್ನ್ ರಾಜ್ಯ, ಅಮೆರಿಕ

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಕಡಿಮೆಯಾಗಿದೆ ಅಂತ ಕೇಳಿ ಸಮಾಧಾನವಾಯಿತು.

2028ರ ಅಸೆಂಬ್ಲಿ ಎಲೆಕ್ಷನ್‌ಗೆ ಹಿರಿಯೂರಿನಿಂದ ನೀವೇ ನಿಲ್ಲಬೇಕು ಅಂತ ಸ್ತ್ರೀಶಕ್ತಿ ಸಂಘದವರು ಹಟ ಹಿಡಿದಿದ್ದಾರೆ ಅಂತ ಅಣ್ಣ ಫೋನಿನಲ್ಲಿ ಹೇಳಿದ. "ಕೋಟಿಗಟ್ಟಲೆ ದುಡ್ಡು ಎಲ್ಲಿಂದ ತರ್ತೀರಿ" ಅಂತ ಅಪ್ಪ ರೇಗಿದರಂತೆ. ನೀವು ಏನೂ ಮಾತಾಡದೆ ಒಳಗೆ ಹೋದಿರಂತೆ. ಅದನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಾತು ಇಷ್ಟೇ ಅತ್ತಿಗೆ, ನೀವು ನಿಲ್ಲಿ. ಆದರೆ ಮನೆಮನೆಗೆ ಹೋಗುವುದನ್ನು ಈಗಲೇ ಶುರು ಮಾಡಿ. ಖರ್ಚಿನ ದುಡ್ಡನ್ನು ವೋಟು ಹಾಕುವವರ ಹತ್ತಿರವೇ ಕೇಳಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಇಲ್ಲಿ ನಮ್ಮ ಬೀದಿಯ ಒಬ್ಬ ಹೆಂಗಸು ಈ ನವೆಂಬರಿನಲ್ಲಿ ರಾಜ್ಯದ ಶಾಸನಸಭೆಗೆ ನಿಂತಿದ್ದಾರೆ. ಸ್ಕೂಲ್ ಬಸ್ ಓಡಿಸುತ್ತಿದ್ದವರು. ಹಿಂದೆ ಮುಂದೆ ರಾಜಕಾರಣಿಗಳು ಯಾರೂ ಇಲ್ಲ. ಶನಿವಾರ ಬಂದರೆ ನಾನೂ ಅವರ ಜೊತೆ ಹೊರಡುತ್ತೇನೆ. ನಾನು ಇಲ್ಲಿಯ ನಾಗರಿಕನಲ್ಲ, ವೋಟಿಲ್ಲ. ಸಂಬಳ ತಗೊಳ್ಳದೆ ಓಡಾಡುವುದಕ್ಕೆ ಮಾತ್ರ ಕಾನೂನಿನ ಅಡ್ಡಿಯಿಲ್ಲ.

ಅವರು ಒಂದು ಮನೆಯ ಬಾಗಿಲು ತಟ್ಟಿದರೆ ಮೊದಲು ತಮ್ಮ ಮಾತು ಶುರು ಮಾಡುವುದಿಲ್ಲ. "ಈ ವರ್ಷ ನಿಮಗೆ ಜಾಸ್ತಿ ಕಷ್ಟ ಆಗಿದ್ದು ಯಾವುದರಿಂದ?" ಅಂತ ಕೇಳಿ ಸುಮ್ಮನಾಗುತ್ತಾರೆ. ಇಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದಕ್ಕೆ ಎಣ್ಣೆ ಸುಡಬೇಕು. ಒಬ್ಬ ಅಜ್ಜ ಆ ಎಣ್ಣೆಯ ಬಿಲ್ಲು ತಂದೇ ತೋರಿಸಿದರು. ಇನ್ನೊಬ್ಬಳು ಬಾಡಿಗೆ ಏರಿದ ಕಥೆ ಹೇಳಿ ಅತ್ತುಬಿಟ್ಟಳು. ಎಲ್ಲವೂ ಹೆಸರಿನ ಸಮೇತ ಪುಸ್ತಕದಲ್ಲಿ ದಾಖಲಾಗುತ್ತದೆ. ಎರಡನೇ ಸಲ ಹೋದಾಗ ಮಾತು ಶುರುವಾಗುವುದೇ ಆ ಬಿಲ್ಲಿನಿಂದ. ಆಗ ಆ ಅಜ್ಜನ ಮುಖ ನೋಡಬೇಕಿತ್ತು ನೀವು. ತಾನು ಹೇಳಿದ್ದನ್ನು ಒಬ್ಬರು ನೆನಪಿಟ್ಟುಕೊಂಡಿದ್ದಾರೆ ಅಂತ ತಿಳಿದಾಗ ಮನುಷ್ಯ ಎಷ್ಟು ಬದಲಾಗುತ್ತಾನೆ!

ದುಡ್ಡಿನ ವಿಚಾರಕ್ಕೆ ಬರುತ್ತೇನೆ. ಮೇಯ್ನ್ ಜನ 1996ರಲ್ಲಿ ತಾವೇ ವೋಟು ಹಾಕಿ ಒಂದು ಕಾನೂನು ತಂದರು. ಕೆಳಮನೆಗೆ ನಿಲ್ಲುವವರು ತಮ್ಮ ಕ್ಷೇತ್ರದ 60 ವೋಟರುಗಳಿಂದ ಕನಿಷ್ಠ 5 ಡಾಲರ್‌ನಂತೆ ಸಂಗ್ರಹಿಸಿ ತೋರಿಸಿದರೆ ಪ್ರಚಾರದ ಖರ್ಚನ್ನು ರಾಜ್ಯವೇ ಕೊಡುತ್ತದೆ. ಆಮೇಲೆ ಖಾಸಗಿಯವರ ದೇಣಿಗೆ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ, ನಿಜ. ಆದರೆ ಜನರಿಂದ ಕೇಳುವ ಪದ್ಧತಿ ನಮಗೆ ಹೊಸದಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದಾಗ ವೋಟಿನ ಜೊತೆ ನೋಟನ್ನೂ ಜನರ ಹತ್ತಿರವೇ ಕೇಳಿದ್ದರು. ದಾವಣಗೆರೆಯಲ್ಲಿ ಮಿಲ್ ಕಾರ್ಮಿಕರ ಮುಖಂಡ ಕಾಮ್ರೇಡ್ ಪಂಪಾಪತಿ 1978, 1983, 1985ರಲ್ಲಿ ಮೂರು ಸಲ ಗೆದ್ದರು. ಅವರ ಕಥೆಯನ್ನು ನಮಗೆ ಹೇಳುತ್ತಿದ್ದವರು ಅಪ್ಪನೇ ಅಲ್ವಾ? ಅದನ್ನೊಮ್ಮೆ ಅಪ್ಪನಿಗೆ ನೆನಪಿಸಿ.

ಅಪ್ಪನ ಹೆದರಿಕೆ ಸುಳ್ಳಲ್ಲ. ಕಾಗದದ ಮೇಲೆ ಒಬ್ಬ ಅಭ್ಯರ್ಥಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಮತದಾನದ ಹಿಂದಿನ ರಾತ್ರಿ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಸೀರೆ, ಕುಕ್ಕರು, ಕವರು. 2023ರಲ್ಲಿ 224 ಜನ ಶಾಸಕರಲ್ಲಿ ಪಕ್ಷೇತರರಾಗಿ ಗೆದ್ದವರು ಇಬ್ಬರೇ. ಹೆಂಗಸರು ಗೆದ್ದದ್ದು ಬರೀ 10. ಪಕ್ಕದ ಜಿಲ್ಲೆಯ ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ್ ಎರಡೂ ಲೆಕ್ಕದಲ್ಲಿ ಬರುತ್ತಾರೆ. ಆದರೆ ಅವರು ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶರ ಮಗಳು, ಜನಕ್ಕೆ ಮೊದಲೇ ಗೊತ್ತಿದ್ದ ಮನೆತನ. ನಿಮ್ಮನ್ನು ಗುರುತಿಸುವವರು ಪಂಚಾಯ್ತಿಯ ಆಚೆ ಎಷ್ಟು ಜನ? ಅದಕ್ಕೇ ಈಗಲೇ ಹೊರಡಿ ಅನ್ನುತ್ತಿರುವುದು.

ಇಲ್ಲಿಯದನ್ನು ಹಾಗೇ ತಂದು ಅಲ್ಲಿ ಮಾಡಲು ಆಗುವುದಿಲ್ಲ. ಇಲ್ಲಿ ಕೆಳಮನೆಗೆ 151 ಜನ, ಒಬ್ಬರಿಗೆ ಸುಮಾರು 9,000 ಜನಸಂಖ್ಯೆ. ನಮ್ಮ ಒಂದು ಕ್ಷೇತ್ರದಲ್ಲಿ ವೋಟರುಗಳೇ ಎರಡು ಲಕ್ಷ ದಾಟುತ್ತಾರೆ. ನೀವೊಬ್ಬರೇ ನಡೆದರೆ ಮುಗಿಯುವ ಕೆಲಸವಲ್ಲ. ಬೂತಿನ ಲೆಕ್ಕದಲ್ಲಿ ಹಿಡಿಯಿರಿ. ಒಂದು ಬೂತು ಅಂದರೆ ಹೆಚ್ಚೂಕಡಿಮೆ ಸಾವಿರ ವೋಟು. ಬೂತಿಗೆ ಇಬ್ಬರು ಹೆಂಗಸರು, ಆ ಊರಿನವರೇ ಇರಬೇಕು, ಬೇರೆ ಬೇರೆ ಕೇರಿಯವರಾದರೆ ಇನ್ನೂ ಒಳ್ಳೆಯದು. ಯಾವ ಜಾತಿಯ ವೋಟು ಎಷ್ಟು ಅಂತ ಲೆಕ್ಕ ಹಾಕುವವರು ನಿಮ್ಮ ಅಂಗಳಕ್ಕೂ ಬರುತ್ತಾರೆ. ಆ ಲೆಕ್ಕವನ್ನೇ ನಂಬಿ ಕೂತರೆ ಅರ್ಧ ಕೇರಿಗಳಿಗೆ ನೀವು ಕಾಲಿಡುವುದೇ ಇಲ್ಲ. ಎಲ್ಲ ಕೇರಿಗೂ ಹೋಗಿ ಅತ್ತಿಗೆ, ದಯವಿಟ್ಟು.

ಏನು ಮಾತಾಡಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ನೀರಿನ ವಿಚಾರ ನಿಮ್ಮಷ್ಟು ಬಲ್ಲವರು ಯಾರಿದ್ದಾರೆ? ಬೋರ್‌ವೆಲ್ ಮೋಟಾರ್ ಸುಟ್ಟಾಗಲೆಲ್ಲ ರಿಪೇರಿಯಾಗುವ ತನಕ ಅಲ್ಲೇ ನಿಂತವರು ನೀವು. 1933ರ ಮೇಲೆ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ನೀರು ಕಣ್ಣೆದುರು ಹರಿದರೂ ಧರ್ಮಪುರದವರು ನಮ್ಮ ಕೆರೆ ತುಂಬಿಸಿ ಅಂತ ಹೋರಾಟ ಮಾಡಬೇಕಾಯಿತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ 2023ರ ಕೇಂದ್ರ ಬಜೆಟ್‌ನಲ್ಲಿ ಓದಿದರು. ನಿಮ್ಮ ಕರಪತ್ರದಲ್ಲಿ ಅಂಥ ದೊಡ್ಡ ಭರವಸೆ ಬೇಡ. ಯಾವ ಕೆರೆಗೆ ಯಾವ ಕಾಲುವೆ ಬರಬೇಕು, ಕೆಲಸ ಎಲ್ಲಿ ನಿಂತಿದೆ, ಅಷ್ಟನ್ನೇ ಊರಿನ ಹೆಸರು ಹಾಕಿ ಬರೆಯಿರಿ. ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ.

ಕಾಗದಪತ್ರದ ಕೆಲಸ ಅಣ್ಣ ನೋಡಿಕೊಳ್ಳಲಿ. ಪಕ್ಷೇತರರಿಗೆ ಕ್ಷೇತ್ರದ 10 ಜನ ಸೂಚಕರು ಸಹಿ ಹಾಕಬೇಕು. ನಾಮಪತ್ರಕ್ಕೆ ಮುಂಚೆ ಎಲೆಕ್ಷನ್ ಖರ್ಚಿಗೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಫಲಿತಾಂಶ ಬಂದು 30 ದಿನದೊಳಗೆ ಲೆಕ್ಕ ಕೊಡಬೇಕು. ನೀವು ಅಷ್ಟು ದಿನ ಕಾಯಬೇಡಿ. ಸಂಘದ ಉಳಿತಾಯದ ಪುಸ್ತಕ ಎಲ್ಲರೆದುರು ಓದುತ್ತೀರಲ್ಲ, ಪ್ರಚಾರದ ಲೆಕ್ಕವನ್ನೂ ವಾರವಾರ ಹಾಗೇ ಓದಿ. ಹತ್ತು ರೂಪಾಯಿ ಕೊಟ್ಟವಳು ಅದು ಎಲ್ಲಿ ಹೋಯಿತು ಅಂತ ಕೇಳುತ್ತಾಳೆ, ಕೇಳಲೂಬೇಕು. ಹಾಗೆ ಕೇಳಿದವಳೇ ನಾಲ್ಕು ಮನೆಗೆ ಹೋಗಿ ನಿಮ್ಮ ಪರ ಮಾತಾಡುತ್ತಾಳೆ. ಇಲ್ಲಿ ಐದು ಡಾಲರ್ ಕೊಟ್ಟವರು ಹಾಗೆ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಠೇವಣಿ 10,000 ರೂಪಾಯಿ. ಚಲಾವಣೆಯಾದ ಸಿಂಧು ವೋಟಿನಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಅದು ಹೋಗುತ್ತದೆ. ಆ ದುಡ್ಡು ನಾನು ಕಳಿಸಬಹುದು, ಆದರೆ ಕಳಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಸಾವಿರ ಹೆಂಗಸರು ಹತ್ತತ್ತು ರೂಪಾಯಿ ಹಾಕಿ ಕಟ್ಟಿದ ಠೇವಣಿ ಬೇರೆ, ಅಮೆರಿಕದ ಮೈದುನ ಕಟ್ಟಿದ್ದು ಬೇರೆ. ಹೋದರೂ ಆ ಸಾವಿರ ಜನ ಮುಂದಿನ ಸಲಕ್ಕೆ ನಿಮ್ಮ ಜೊತೆ ಇರುತ್ತಾರೆ.

ನಾನು ಉಗಾದಿಗೆ ರಜೆ ಹಾಕಿದ್ದೇನೆ. ಧರ್ಮಪುರ, ಜವನಗೊಂಡನಹಳ್ಳಿ ಕಡೆ ನಿಮ್ಮ ಜೊತೆ ನಾನೂ ನಡೆಯುತ್ತೇನೆ. ಅಷ್ಟರಲ್ಲಿ ನಮ್ಮ ಊರಿನ ಬೂತಿನ ಮತದಾರರ ಪಟ್ಟಿ ತರಿಸಿ, ಸತ್ತವರು, ಊರು ಬಿಟ್ಟವರು, ಹೆಸರು ಬಿಟ್ಟುಹೋದವರು ಯಾರು ಅಂತ ಗುರುತು ಹಾಕಿಡಿ. ಅಪ್ಪನಿಗೆ ಈ ಪತ್ರ ಓದಿ ಹೇಳಿ. ಅವರು ಏನಂದರು ಅಂತ ತಪ್ಪದೆ ಬರೆಯಿರಿ.

ಇಂತಿ ನಿಮ್ಮ ಮೈದುನ