‘ಇತ್ತೀಚೆಗೆ’ ಎಂದರೆ ಯಾವ ದಿನ?

ಮಾನ್ಯ ಸಂಪಾದಕರೇ,

ಕಳೆದ ಶುಕ್ರವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಧಾರವಾಡದ ವಕೀಲರ ಕಚೇರಿಯೊಂದರ ಸಾಧನೆಯ ಬಗ್ಗೆ ಮೂರು ಕಾಲಂ ಸುದ್ದಿ ಬಂದಿದೆ. ಮೇಲ್ಮನವಿಗಳನ್ನಷ್ಟೇ ನಡೆಸುವ ಕಚೇರಿಯಂತೆ. ಐದು ಮಂದಿ ವಕೀಲರು ಶಾಲು, ಪೇಟ, ಏಲಕ್ಕಿ ಹಾರಗಳೊಂದಿಗೆ ಒಂದೇ ಫಲಕವನ್ನು ಹಿಡಿದು ನಿಂತ ಚಿತ್ರವೂ ಇದೆ. ‘ಇತ್ತೀಚೆಗೆ ಹೈಕೋರ್ಟ್‌ನ ಧಾರವಾಡ ಪೀಠವು ಬೀಳಗಿ ತಾಲ್ಲೂಕಿನ ಕೆಲ ಗ್ರಾಮಗಳ ಮುಳುಗಡೆ ರೈತರ ಪರಿಹಾರವನ್ನು ಹೆಚ್ಚಿಸಿ ತೀರ್ಪು ನೀಡಿದ್ದು, ವಕೀಲರ ದಕ್ಷ ವಾದ ಮಂಡನೆಯೇ ಇದಕ್ಕೆ ಕಾರಣ’ ಎಂದು ಬರೆದಿದ್ದೀರಿ.

ಸನ್ಮಾನದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ತಕರಾರು ಇರುವುದು ‘ಇತ್ತೀಚೆಗೆ’ ಎಂಬ ಪದದ ಮೇಲೆ, ಅದಾದ ಮೇಲೆ ‘ಕೆಲ ಗ್ರಾಮಗಳು’ ಎಂಬುದರ ಮೇಲೆ.

ನಾನು ಯಾರು ಎಂದು ಹೇಳಬೇಕು. ಬಾಗಲಕೋಟೆಯ ನವನಗರದಲ್ಲಿ, ನ್ಯಾಯಾಲಯಕ್ಕೆ ಹೋಗಿಬರುವವರ ದಾರಿಯಲ್ಲಿ, ಹತ್ತೊಂಬತ್ತು ವರ್ಷಗಳಿಂದ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಕಾನೂನು ಓದಿದವಳಲ್ಲ. ಆದರೆ ಮೇಲ್ಮನವಿಯ ಕಾಗದಗಳನ್ನು ಜೋಡಿಸಿ, ಪುಟ ಸಂಖ್ಯೆ ಹಾಕಿ, ತೂತು ಹೊಡೆದು, ದಾರ ಕಟ್ಟಿ ಕೊಟ್ಟಿರುವುದಕ್ಕೆ ಲೆಕ್ಕವಿಲ್ಲ. ನನ್ನ ಕಣ್ಣು ಮೊದಲು ಹೋಗುವುದು ತೀರ್ಪಿನ ನಕಲಿನ ಕೊನೆಯ ಹಾಳೆಗೆ. ಅಲ್ಲೊಂದು ರಬ್ಬರ್ ಮೊಹರು ಇರುತ್ತದೆ. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಅದರಲ್ಲಿರುತ್ತವೆ. ಶಾಯಿ ಹರಡಿ 3 ಯಾವುದು 8 ಯಾವುದು ಎಂದು ತಿಳಿಯದಿದ್ದರೆ ಬೆಳಕಿಗೆ ಹಿಡಿದು ನೋಡುತ್ತೇವೆ. ಹೈಕೋರ್ಟ್‌ಗೆ ಮೊದಲ ಮೇಲ್ಮನವಿ ಹಾಕಲು ಇರುವ ಮುದ್ದತ್ತು 90 ದಿನ. ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಎಣಿಸುವುದಿಲ್ಲ. ಆ ಮೊಹರಿನ ಒಂದು ಅಂಕಿಯಲ್ಲಿ ಕೆಲವರ ಹೊಲದ ಬೆಲೆ ಅಡಗಿರುತ್ತದೆ.

ನಮ್ಮದೂ ನದಿದಂಡೆಯ ಊರು. ಆಲಮಟ್ಟಿಯ ಹಿನ್ನೀರಿಗೆ ನಾಲ್ಕು ಎಕರೆ ಹನ್ನೆರಡು ಗುಂಟೆ ಎರೆ ಹೊಲ ಹೋಯಿತು. ಬಿಳಿಜೋಳ, ಸಾಲಿನಲ್ಲಿ ಕುಸುಬೆ, ನೀರಿದ್ದ ಕಡೆ ಉಳ್ಳಾಗಡ್ಡಿ ಬೆಳೆಯುತ್ತಿದ್ದ ಹೊಲ. ಸರ್ಕಾರ ಕೊಟ್ಟ ಪರಿಹಾರವನ್ನು ಅಪ್ಪ ತಕರಾರಿಲ್ಲದೆ ತೆಗೆದುಕೊಂಡರು. ಅಕ್ಕನ ಮದುವೆ ಎದುರಿಗಿತ್ತು. ಬದುವಿನ ಆಚೆಯ ಹೊಲದವರು ಮಾತ್ರ 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಂತೆ ಸಿವಿಲ್ ನ್ಯಾಯಾಲಯಕ್ಕೆ ಹೋದರು. ಹೆಚ್ಚುಕಡಿಮೆ ಎರಡೂವರೆ ಪಟ್ಟು ಪರಿಹಾರ ಸಿಕ್ಕಿತು. ಅದೇ ಮಣ್ಣು, ಅದೇ ಅಧಿಸೂಚನೆ, ನಡುವೆ ಒಂದು ಬದು.

ನ್ಯಾಯಾಲಯಕ್ಕೆ ಹೋಗದ ಅಪ್ಪನಂಥವರಿಗಾಗಿಯೇ ಆ ಕಾಯ್ದೆಯಲ್ಲಿ 28-ಎ ಎಂಬ ಕಲಂ ಇದೆ. 1984ರ ತಿದ್ದುಪಡಿಯಲ್ಲಿ ಸೇರಿಸಿದ್ದು. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ಒಬ್ಬರಿಗೆ ನ್ಯಾಯಾಲಯ ಪರಿಹಾರ ಹೆಚ್ಚಿಸಿದರೆ, ನ್ಯಾಯಾಲಯಕ್ಕೆ ಹೋಗದ ಉಳಿದವರೂ ಆ ದರವನ್ನು ಆಧರಿಸಿ ತಮ್ಮ ಪರಿಹಾರವನ್ನು ಮರುನಿಗದಿ ಮಾಡುವಂತೆ ಅರ್ಜಿ ಹಾಕಬಹುದು. ಮುದ್ದತ್ತು ಮಾತ್ರ ಮೂರು ತಿಂಗಳು. ಅದೂ ನಮಗೆ ಸುದ್ದಿ ತಿಳಿದ ದಿನದಿಂದಲ್ಲ, ನ್ಯಾಯಾಲಯದ ಐತೀರ್ಪಿನ, ಅಂದರೆ ಪರಿಹಾರ ನಿಗದಿ ಮಾಡಿದ ತೀರ್ಪಿನ, ದಿನದಿಂದ. 2003ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿಬಿಟ್ಟಿದೆ. ನಮಗೆ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ.

ಅಪ್ಪನಿಗೆ ಗೊತ್ತಾದದ್ದು ಪತ್ರಿಕೆಯಿಂದ. ನಿಮ್ಮದಲ್ಲ, ಬೇರೆಯದು. ಅದರಲ್ಲೂ ಹಾರ ಹಾಕಿಕೊಂಡ ವಕೀಲರ ಚಿತ್ರವಿತ್ತು, ‘ಇತ್ತೀಚೆಗೆ’ ಎಂದೇ ಬರೆದಿತ್ತು. ಅಪ್ಪ ಆ ಪದವನ್ನು ನಂಬಿದರು. ಸುಗ್ಗಿ ಮುಗಿಸಿಕೊಂಡು ಹೋದರಾಯಿತು ಎಂದು ಹತ್ತು ದಿನ ಬಿಟ್ಟು, ತುಣುಕನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಭೂಸ್ವಾಧೀನ ಕಚೇರಿಗೆ ಹೋದರು. ಅಲ್ಲಿದ್ದ ಗುಮಾಸ್ತರು ಕಡತ ತಿರುವಿ, ಐತೀರ್ಪು ಆಗಿ ನಾಲ್ಕು ತಿಂಗಳು ಹನ್ನೊಂದು ದಿನವಾಯಿತು ಎಂದರು. ಅಂದರೆ ಅಪ್ಪ ಪತ್ರಿಕೆ ಓದಿದ ದಿನವೇ ಮುದ್ದತ್ತು ಮುಗಿದು ತಿಂಗಳಾಗಿತ್ತು. ಹತ್ತು ದಿನ ತಡಮಾಡಿದ್ದಕ್ಕೇ ಹೀಗಾಯಿತು ಎಂದು ಅಪ್ಪ ಕೊನೆಯವರೆಗೂ ತಮ್ಮನ್ನೇ ಬೈದುಕೊಂಡರು. ನಾವು ಲೆಕ್ಕ ಬಿಡಿಸಿ ಹೇಳಿದರೂ ಕೇಳಲಿಲ್ಲ. ಆ ತುಣುಕು ಈಗಲೂ ನನ್ನ ಅಂಗಡಿಯ ಖಾನೆಯಲ್ಲಿದೆ. ನಾಲ್ಕು ಮಡಿಕೆ ಮಾಡಿದ್ದರಿಂದ ಮಡಿಕೆಯ ಗೆರೆಯಲ್ಲಿ ಅಕ್ಷರಗಳು ಉದುರಿವೆ. ಹಾರ ಮಾತ್ರ ಚೆನ್ನಾಗಿ ಕಾಣುತ್ತದೆ.

ಮೇಲ್ಮನವಿಯ ಕೆಲಸವನ್ನು ನಾನು ಹಗುರ ಮಾಡುತ್ತಿಲ್ಲ. ಅಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿಗಳನ್ನು ಕರೆಸುವುದಿಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಏನು ದಾಖಲಾಗಿದೆಯೋ ಅದರಲ್ಲೇ ಈಜಬೇಕು. ಒಮ್ಮೆ ಒಬ್ಬ ಹಿರಿಯ ವಕೀಲರು ನನ್ನ ಅಂಗಡಿಯ ಬಾಕಿನ ಮೇಲೆ ಸಂಜೆಯವರೆಗೆ ಕುಳಿತು ಸಾಕ್ಷ್ಯವಾಗಿ ಗುರುತು ಹಾಕಿದ ದಾಖಲೆಗಳನ್ನು, ನಿಶಾನೆ ಪಿ-1ರಿಂದ ಪಿ-23ರವರೆಗೆ, ಒಂದೊಂದೇ ಹಾಳೆ ಓದಿದರು. ಪಿ-17 ಒಂದು ಖರೀದಿ ಪತ್ರ. ಅಧಿಸೂಚನೆಗೆ ಮೊದಲು ಪಕ್ಕದ ಹೊಲ ಮಾರಾಟವಾದದ್ದು. ಅದು ದಾಖಲೆಯಲ್ಲಿತ್ತು, ತೀರ್ಪಿನಲ್ಲಿ ಅದರ ಮಾತೇ ಇರಲಿಲ್ಲ. ‘ಇದರ ಮೇಲೇ ಅಪೀಲು ನಿಲ್ಲುತ್ತದೆ, ನಾಲ್ಕು ಪ್ರತಿ ಮಾಡು ತಂಗಿ’ ಎಂದರು. ಸಾಧನೆ ಎಂದರೆ ನನ್ನ ಮಟ್ಟಿಗೆ ಅದು. ನಿಮ್ಮ ವರದಿಗಾರರು ಬರೆದ ‘ದಕ್ಷ ವಾದ ಮಂಡನೆ’ಯಲ್ಲಿ ಪಿ-17 ಎಲ್ಲಿದೆ? ಯಾವ ದರ ಎಷ್ಟಾಯಿತು, ಯಾವ ಆಧಾರದ ಮೇಲೆ ಆಯಿತು ಎಂಬುದೇ ಇಲ್ಲ.

ಅದೇ ಹಿರಿಯರು ಇನ್ನೊಂದು ಮಾತನ್ನೂ ಹೇಳಿದ್ದರು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ವಕೀಲರು ಜಾಹೀರಾತು ಮಾಡುವಂತಿಲ್ಲ. ತಾವು ನಡೆಸಿದ ಮೊಕದ್ದಮೆಗೆ ಸಂಬಂಧಿಸಿ ಪತ್ರಿಕೆಯಲ್ಲಿ ತಮ್ಮ ಚಿತ್ರ ಹಾಕಿಸಿಕೊಳ್ಳುವುದನ್ನೂ ಅದು ನಿಷೇಧಿಸುತ್ತದೆ. 2008ರಲ್ಲಿ ಸ್ವಲ್ಪ ಸಡಿಲಿಸಿ, ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಓದು, ನೋಂದಣಿ ಸಂಖ್ಯೆ, ಯಾವ ಬಗೆಯ ಪ್ರಕರಣ ನಡೆಸುತ್ತಾರೆ ಎಂಬಷ್ಟನ್ನು ಹಾಕಿಕೊಳ್ಳಲು ಒಪ್ಪಿದ್ದಾರೆ. ನಿಯಮ ಇರುವುದು ವಕೀಲರಿಗೆ, ಪತ್ರಿಕೆಗಲ್ಲ. ಸನ್ಮಾನ ಮಾಡಿದವರು ಅಭಿಮಾನಿಗಳು, ಚಿತ್ರ ಕಳಿಸಿದವರೂ ಅವರೇ ಇರಬಹುದು. ಇರಲಿ ಬಿಡಿ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಬಹುಕಾಲ 28-ಎ ಅರ್ಜಿಗೆ ಕೆಳಗಿನ ನ್ಯಾಯಾಲಯದ ಐತೀರ್ಪು ಮಾತ್ರ ಆಧಾರ, ಹೈಕೋರ್ಟ್ ತೀರ್ಪು ಅಲ್ಲ ಎಂಬ ವಾದವಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ರೈತರು ಹೈಕೋರ್ಟ್ ತೀರ್ಪನ್ನು ಹಿಡಿದು ಹಾಕಿದ್ದ ಅರ್ಜಿಯನ್ನು ಎತ್ತಿಹಿಡಿಯಿತು. ಹೀಗಾಗಿ ಧಾರವಾಡ ಪೀಠದಲ್ಲಿ ಒಂದು ಮೇಲ್ಮನವಿ ಗೆದ್ದರೆ ಅದು ಆ ಕಕ್ಷಿದಾರರ ಸುದ್ದಿ ಮಾತ್ರವಲ್ಲ, ಅದೇ ಅಧಿಸೂಚನೆಯಲ್ಲಿ ಹೊಲ ಕಳೆದುಕೊಂಡು ಇದುವರೆಗೆ ಸುಮ್ಮನೆ ಕುಳಿತವರ ಸುದ್ದಿಯೂ ಹೌದು. ಕೆಳಗಿನ ನ್ಯಾಯಾಲಯಕ್ಕೆ ಹೋಗಿ ಅಲ್ಲಿಗೇ ನಿಲ್ಲಿಸಿದವರಿಗೆ ದಾರಿ ಬೇರೆ. ತಡವನ್ನು ಮನ್ನಿಸಿ ಎಂದು ಕೋರಿ ಮೇಲ್ಮನವಿ ಹಾಕಬಹುದು. ತಡ ಮನ್ನಿಸಿದರೂ ತಡವಾದ ದಿನಗಳ ಬಡ್ಡಿಯನ್ನು ಕತ್ತರಿಸುವುದುಂಟು. ಹಳೆಯ ಕಾಯ್ದೆಯಲ್ಲಿ ಹೆಚ್ಚುವರಿ ಪರಿಹಾರದ ಬಡ್ಡಿ ಮೊದಲ ವರ್ಷ ಶೇ 9, ಆಮೇಲೆ ಶೇ 15. ಒಂದೊಂದು ತಿಂಗಳು ತಡವಾದರೂ ರೈತನ ಗಂಟೇ ಹೋಗುತ್ತದೆ.

ನಮ್ಮ ಕಡೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ನೀರು ಒಂದೇ, ಪೀಠ ಎರಡು. ಬಾಗಲಕೋಟೆಯವರು ಧಾರವಾಡಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿಗೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದರಿಂದ ರಾತ್ರಿಯಿಡೀ ಬೆಂಗಳೂರಿಗೆ ಪ್ರಯಾಣಿಸುವುದು ತಪ್ಪಿತು, ನಿಜ. ಆದರೆ ಈ ದಂಡೆಯ ಸುದ್ದಿ ಆ ದಂಡೆಯ ಆವೃತ್ತಿಯಲ್ಲಿ ಬರುವುದಿಲ್ಲ. ಬೀಗರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಳೆಯ ಮುಳುಗಡೆಯ ಕತೆ ಇಷ್ಟೇಕೆ ಎನ್ನಬೇಡಿ. ಅಣೆಕಟ್ಟೆಯ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಕೆಲಸ ಇನ್ನೂ ಮುಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟವು ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿದೆ. ಒಪ್ಪುವವರು ಒಪ್ಪುತ್ತಾರೆ. ಒಪ್ಪದವರು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. 2013ರ ಹೊಸ ಕಾಯ್ದೆಯ 73ನೇ ಕಲಮಿನಲ್ಲೂ ನೆರೆಯ ಹೊಲದವರಿಗೆ ಇರುವುದು ಅದೇ ಮೂರು ತಿಂಗಳು.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಮುಂದೆ ಇಂಥ ಸುದ್ದಿ ಬಂದಾಗ ಚಿತ್ರವನ್ನು ಒಂದು ಕಾಲಂಗೆ ಇಳಿಸಿ. ಉಳಿದ ಜಾಗದಲ್ಲಿ ಪ್ರಕರಣದ ಸಂಖ್ಯೆ, ತೀರ್ಪಿನ ದಿನಾಂಕ, ಗ್ರಾಮಗಳ ಹೆಸರು, ಭೂಸ್ವಾಧೀನ ಅಧಿಸೂಚನೆಯ ದಿನಾಂಕ ಹಾಕಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ ಎಂಬ ಸಾಲನ್ನೂ ಸೇರಿಸಿದರೆ, ಗಂಡನ ಹೊಲದ ಕಾಗದ ಹಿಡಿದು ಒಬ್ಬರೇ ಅಲೆಯುವ ಹೆಣ್ಣುಮಕ್ಕಳಿಗೆ ಅನುಕೂಲವಾಗುತ್ತದೆ. ಸನ್ಮಾನಿತ ವಕೀಲರು ಈ ವಿವರಗಳನ್ನು ಕೊಡಲು ಖಂಡಿತ ಹಿಂದೆ ಸರಿಯಲಾರರು.

ಸೋಮವಾರ ನದಿದಂಡೆಯ ಊರಿನ ಇಬ್ಬರು ನಿಮ್ಮ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ಅಂಗಡಿಗೆ ಬಂದರು. ‘ಈ ಕೆಲ ಗ್ರಾಮಗಳಲ್ಲಿ ನಮ್ಮದೂ ಇದೆಯೇ ಅಕ್ಕಾ? ಇನ್ನೆಷ್ಟು ದಿನ ಉಳಿದಿವೆ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಗುರುವಾರ ಸಂತೆಗೆ ಬಂದಾಗ ಮತ್ತೆ ಬರುತ್ತೇವೆ ಎಂದು ಹೇಳಿ ಹೋಗಿದ್ದಾರೆ. ಅಷ್ಟರೊಳಗೆ ಆ ತೀರ್ಪಿನ ದಿನಾಂಕವನ್ನು ನಿಮ್ಮ ಜಿಲ್ಲಾ ಪುಟದ ಮೂಲೆಯಲ್ಲಾದರೂ ಹಾಕುತ್ತೀರಾ?

ಇಂತಿ,
ಟೈಪಿಂಗ್ ಅಂಗಡಿಯ ಓದುಗಾರ್ತಿ
ನವನಗರ, ಬಾಗಲಕೋಟೆ